ಸ್ಮಾರ್ಟ್ ಬೋರ್ಡ್ ಇಲ್ಲದ ಶಾಲೆಯಲ್ಲಿ ಪುಟ್ಟ ಮಕ್ಕಳು ಕಲಿಯುವುದು ಹೇಗೆ?

ಜೂನ್ ಬಂತೆಂದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರ, ಆಲೂರಿನ ಕಡೆ ಅಪ್ಪ-ಅಮ್ಮಂದಿರ ಮಧ್ಯೆ ಒಂದೇ ಚರ್ಚೆ. ಪೇಟೆಯ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇದೆಯಂತೆ, ಮಕ್ಕಳಿಗೆ ಟ್ಯಾಬ್ ಕೊಡುತ್ತಾರಂತೆ. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಏನಿದೆ? ಒಂದು ಕೋಣೆ. ಅದರಲ್ಲಿ ಒಂದನೇ ಕ್ಲಾಸಿನಿಂದ ಮೂರನೇ ಕ್ಲಾಸಿನವರೆಗಿನ ಮಕ್ಕಳು ಒಟ್ಟಿಗೆ. ಒಬ್ಬರೇ ಟೀಚರ್. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು. ಇಂಥ ಕಡೆ ನನ್ನ ಮಗು ಹಿಂದೆ ಬೀಳುವುದಿಲ್ಲವಾ?

ಈ ಭಯ ಸುಳ್ಳಲ್ಲ. ಹಾಗಾಗಿ ಸಮಾಧಾನದ ಮಾತು ಬಿಟ್ಟು, ಐದಾರು ವರ್ಷದ ಮಗು ಓದು-ಲೆಕ್ಕ ಕಲಿಯುವಾಗ ನಿಜವಾಗಿ ಏನು ನಡೆಯುತ್ತದೆ ಅಂತ ನೋಡೋಣ. ಅಲ್ಲಿಂದ ಹೊರಟರೆ ಯಾವ ವಸ್ತು ಬೇಕೇ ಬೇಕು, ಯಾವುದು ಇಲ್ಲದಿದ್ದರೂ ನಡೆಯುತ್ತದೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ. ಕೋಣೆಯಲ್ಲಿ 20 ಮಕ್ಕಳಿದ್ದಾರೆ, 40 ನಿಮಿಷ ಇದೆ ಅಂದುಕೊಳ್ಳಿ. ಟೀಚರ್ ಒಬ್ಬೊಬ್ಬರನ್ನೇ ಕರೆದು ಓದಿಸಿದರೆ ತಲಾ 2 ನಿಮಿಷ. ಉಳಿದ 38 ನಿಮಿಷ ಮಗು ಸುಮ್ನೆ ಕೂತಿರುತ್ತದೆ. ಎಲ್ಲರಿಗೂ ಒಟ್ಟಿಗೆ ಪಾಠ ಮಾಡಿದರೆ 40 ನಿಮಿಷವೂ ಪಾಠ ನಡೆಯುತ್ತದೆ, ನಿಜ. ಆದರೆ ಒಂದನೇ ಕ್ಲಾಸಿನ ಮಗುವಿಗೂ ಮೂರನೇ ಕ್ಲಾಸಿನ ಮಗುವಿಗೂ ಒಂದೇ ಪಾಠ ಹೊಂದುವುದಿಲ್ಲ. ಜೊತೆಗೆ, ಯಾವ ಮಗು ಎಲ್ಲಿ ತಡವರಿಸಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸರಿ, ಒಂದು ಟ್ಯಾಬ್ ತಂದು ಇಟ್ಟರೆ? ಅದನ್ನೂ 20 ಮಕ್ಕಳೇ ಹಂಚಿಕೊಳ್ಳಬೇಕು. ಮತ್ತೆ ತಲಾ 2 ನಿಮಿಷ.

ಹಾಗಾದರೆ ಇಂಥ ಕೋಣೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕೊರತೆ ಇರುವುದು ಟೀಚರ್ ಕಿವಿಗೊಟ್ಟು ಕೇಳುವ ನಿಮಿಷಗಳಿಗೆ. ಪುಟ್ಟ ಮಕ್ಕಳಿಗೆ ಕಲಿಸುವ ಕೆಲಸದ ದೊಡ್ಡ ಭಾಗ ಆ ನಿಮಿಷಗಳನ್ನು ಹಂಚುವ ಜಾಣತನದಲ್ಲೇ ಇದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಒಂದು ದಾರಿಯನ್ನು ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕಂಡುಕೊಂಡಿದ್ದಾರೆ. ಅದೇ ನಲಿ-ಕಲಿ.

ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಕಾಡಂಚಿನ ಊರುಗಳು, ಒಬ್ಬಿಬ್ಬರು ಶಿಕ್ಷಕರ ಶಾಲೆಗಳು, ಆಗಾಗ ಗೈರಾಗುವ ಮಕ್ಕಳು. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳನ್ನಿಟ್ಟುಕೊಂಡು ಕಲಿಸುವುದನ್ನು ನೋಡಿ ಬಂದರು. ಬಂದವರು ತಾವೇ ಕೂತು ಕನ್ನಡಕ್ಕೆ, ನಮ್ಮ ಮಕ್ಕಳಿಗೆ ಹೊಂದುವಂತೆ ಕಾರ್ಡು ಬರೆದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಹಾಸನ, ಚಿಕ್ಕಮಗಳೂರಿನ ಹಳ್ಳಿ ಶಾಲೆಗಳ ಗೋಡೆ ಮೇಲೆ ನೀವು ನೋಡುವ ಕಲಿಕಾ ಏಣಿ, ಮೇಲೆ ಹಗ್ಗಕ್ಕೆ ನೇತು ಹಾಕಿದ ಕಲಿಕಾ ಚಪ್ಪರ, ಮಗುವಿನ ಕೈಗೆ ಎಟುಕುವಷ್ಟು ಕೆಳಗಿರುವ ಗೋಡೆ ಹಲಗೆ ಎಲ್ಲ ಅದರದ್ದೇ.

ಇದು ನಡೆಯುವುದು ಹೀಗೆ. ಏಣಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಚಿತ್ರಗಳಿರುತ್ತವೆ. ಮಗು ತಾನು ಎಲ್ಲಿದ್ದೇನೆ ಅಂತ ನೋಡಿಕೊಂಡು, ಅದೇ ಚಿತ್ರ ಮತ್ತು ಸಂಖ್ಯೆ ಇರುವ ಕಾರ್ಡನ್ನು ಟ್ರೇಯಿಂದ ತಾನೇ ತೆಗೆದುಕೊಳ್ಳುತ್ತದೆ. ಆ ಕಾರ್ಡಿಗೆ ಯಾವ ಗುಂಪು ಅಂತ ನೋಡಿ ಅಲ್ಲಿ ಹೋಗಿ ಕೂರುತ್ತದೆ. ಈ ಗುಂಪುಗಳಿಗೆ ಶಾಲೆಯಲ್ಲಿ ತಟ್ಟೆ ಅನ್ನುತ್ತಾರೆ. ಮೂಲ ವಿನ್ಯಾಸದಲ್ಲಿ ಐದು ತಟ್ಟೆ. ಮೊದಲನೆಯದರಲ್ಲಿ ಹೊಸದನ್ನು ಕಲಿಯುವವರು, ಅವರ ಜೊತೆ ಟೀಚರ್ ಕೂರಲೇಬೇಕು. ಎರಡನೆಯದಕ್ಕೆ ಟೀಚರ್ ಅರ್ಧ ನೆರವು ಸಾಕು. ಮೂರು ಮತ್ತು ನಾಲ್ಕರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ. ಐದನೆಯದರಲ್ಲಿ ಮಗು ಒಂದೇ ಕೂತು ಮಾಡುತ್ತದೆ.

ಈಗ ಹಿಂದಿನ ಲೆಕ್ಕವನ್ನೇ ಇನ್ನೊಮ್ಮೆ ಮಾಡಿ. ಟೀಚರ್ ಮೊದಲ ತಟ್ಟೆಯ 4 ಮಕ್ಕಳ ಜೊತೆ 20 ನಿಮಿಷ ಕೂತರೆ ತಲಾ 5 ನಿಮಿಷ ಸಿಕ್ಕಿತು. ಎರಡನೇ ತಟ್ಟೆಗೆ 10 ನಿಮಿಷ. ಉಳಿದ 10 ನಿಮಿಷದಲ್ಲಿ ಬಾಕಿ ಮೂರು ತಟ್ಟೆಗಳನ್ನು ಒಂದು ಸುತ್ತು ನೋಡಬಹುದು. ಅಷ್ಟು ಹೊತ್ತೂ ಯಾರೂ ಕೈಕಟ್ಟಿ ಕೂತಿಲ್ಲ. ಸಹಾಯ ಜಾಸ್ತಿ ಬೇಕಾದ ಮಗುವಿಗೆ ಜಾಸ್ತಿ ನಿಮಿಷ ಸಿಕ್ಕಿದೆ. ನಾಳೆ ಮೊದಲ ತಟ್ಟೆಯಲ್ಲಿ ಬೇರೆ ಮಕ್ಕಳು ಕೂತಿರುತ್ತಾರೆ. ಸಾಫ್ಟ್‌ವೇರ್ ಕಂಪನಿಗಳು ಈಗ 'ಪ್ರತಿ ಮಗುವಿಗೂ ಅದರದ್ದೇ ವೇಗ' ಅಂತ ಜಾಹೀರಾತು ಹಾಕುತ್ತವಲ್ಲ, ಅದೇ ಯೋಚನೆ ರಟ್ಟಿನ ಕಾರ್ಡಿನಲ್ಲಿ ಮೂರು ದಶಕದ ಹಿಂದೆಯೇ ಇತ್ತು.

ಇನ್ನು ಓದು. ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಯಾಕೆಂದರೆ ಕನ್ನಡ ಓದಲು ಕಲಿಯುವುದು ಇಂಗ್ಲಿಷ್ ಅಕ್ಷರ ಕಲಿತಷ್ಟು ಬೇಗ ಮುಗಿಯುವ ಕೆಲಸ ಅಲ್ಲ. ಅಲ್ಲಿ 26 ಅಕ್ಷರ. ಇಲ್ಲಿ ವರ್ಣಮಾಲೆ 49. ಅದರಲ್ಲಿ 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು 400 ದಾಟುತ್ತವೆ. ಒತ್ತಕ್ಷರ ಬೇರೆ. ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಸಂಶೋಧಕಿ ಸೋನಾಲಿ ನಾಗ್ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಈ ಅಕ್ಷರಗಳು ಕೈವಶವಾಗಲು ಒಂದೆರಡು ವರ್ಷ ಸಾಲದು, ಅದು ಮೂರು-ನಾಲ್ಕನೇ ಕ್ಲಾಸಿನವರೆಗೂ ಸಾಗುತ್ತದೆ ಅನ್ನುವುದು ಅವರು ಕಂಡ ಮುಖ್ಯ ಸಂಗತಿ. ಹಾಗಾಗಿ ಒಂದನೇ ಕ್ಲಾಸು ಮುಗಿದರೂ ಮಗಳು ತಡವರಿಸಿ ಓದುತ್ತಾಳೆ ಅಂತ ಗಾಬರಿ ಬೀಳುವ ಅಮ್ಮಂದಿರು ಸ್ವಲ್ಪ ತಾಳ್ಮೆ ತಂದುಕೊಳ್ಳಬಹುದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನಿಪುಣ್ ಭಾರತ್ ಅನ್ನುವ ಓದು-ಲೆಕ್ಕದ ಯೋಜನೆ ಕೂಡ ಅರ್ಥ ತಿಳಿದು ಓದುವ ಗುರಿಯನ್ನು ಇಟ್ಟಿರುವುದು ಮೂರನೇ ಕ್ಲಾಸಿನ ಕೊನೆಗೆ.

400ಕ್ಕೂ ಜಾಸ್ತಿ ರೂಪಗಳನ್ನು ಎಲ್ಲಿಂದ ಶುರು ಮಾಡುವುದು? ಹಳೆಯ ಕ್ರಮ ಅ, ಆ, ಇ, ಈ. ತಿಂಗಳುಗಟ್ಟಲೆ ತಿದ್ದಿದರೂ ಅದರಿಂದ ಮಗುವಿಗೆ ಗೊತ್ತಿರುವ ಒಂದು ಪದ ಹುಟ್ಟುವುದು ಕಷ್ಟ. ನಲಿ-ಕಲಿಯ ಮೊದಲ ಕಂತು ರ, ಗ, ಸ, ದ, ಅ. ಐದೇ ಅಕ್ಷರ. ಆದರೆ ಅದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಬಂದುಬಿಡುತ್ತವೆ. ಎರಡನೇ ಕಂತು ಜ, ವ, ಮ, ಬ, ನ. ಆಗ ಮರ, ದನ, ಜನ, ಬಸವ. ಕಿಟಕಿಯಿಂದ ಹೊರಗೆ ನೋಡಿದರೆ ಕಾಣುವ ಮರ ಈಗ ಸ್ಲೇಟಿನಲ್ಲೂ ಇದೆ. ತಾನು ಓದಬಲ್ಲೆ ಅನ್ನುವ ಧೈರ್ಯ ಮಗುವಿಗೆ ಬರುವುದು ಇಂಥ ಗಳಿಗೆಯಲ್ಲಿ. ಅದಕ್ಕೆ ಅಕ್ಷರಮಾಲೆ ಪೂರ್ತಿ ಮುಗಿಯುವ ತನಕ ಕಾಯಬೇಕಾಗಿಲ್ಲ.

ಈಗ ಒಂದು ತಪ್ಪನ್ನು ಹತ್ತಿರದಿಂದ ನೋಡೋಣ. ಕಾರ್ಡಿನಲ್ಲಿ 'ಅಗಸ' ಅಂತಿದೆ. ಮಗು 'ಅರಸ' ಅಂತ ಓದುತ್ತದೆ. ಆ್ಯಪ್ ಆಗಿದ್ದರೆ ಹೆಚ್ಚಿನ ಸಲ ಒಂದು ಕೆಂಪು ಗುರುತು, ಟುಂಯ್ ಅಂತ ಒಂದು ಸದ್ದು, ಮತ್ತೆ ಪ್ರಯತ್ನಿಸಿ. ಪಕ್ಕದಲ್ಲಿ ಕೂತ ಟೀಚರ್ ಏನು ಮಾಡುತ್ತಾರೆ? ತಕ್ಷಣ ತಿದ್ದುವುದಿಲ್ಲ. ನಡುವಿನ ಅಕ್ಷರದ ಮೇಲೆ ಬೆರಳಿಡಲು ಹೇಳಿ ಕಾಯುತ್ತಾರೆ. ಮಗು 'ಗ' ಅಂದರೆ ಅಕ್ಷರ ಗೊತ್ತಿದೆ, ಕೂಡಿಸಿ ಓದುವಾಗ ಅವಸರ ಮಾಡಿದೆ ಅಂತ ಅರ್ಥ. 'ರ' ಅಂದರೆ ಆ ಎರಡು ಆಕಾರಗಳು ಇನ್ನೂ ಬೇರೆಯಾಗಿ ಕಂಡಿಲ್ಲ, ಹಾಗಾಗಿ ಸ್ಲೇಟಿನ ಮೇಲೆ ಎರಡನ್ನೂ ಅಕ್ಕಪಕ್ಕ ದೊಡ್ಡದಾಗಿ ಬರೆಸಬೇಕು. ಮೂರನೇ ಕಾರಣವೂ ಇರಬಹುದು. ಬಟ್ಟೆ ಒಗೆಯುವವರನ್ನು ಅಗಸ ಅಂತ ಕರೆಯುವುದನ್ನು ಈ ಮಗು ಜನ್ಮದಲ್ಲಿ ಕೇಳಿಲ್ಲ. ಅರಸನ ಕಥೆ ಕೇಳಿದೆ. ಗೊತ್ತಿಲ್ಲದ ಪದ ಬಂದಾಗ ಗೊತ್ತಿರುವ ಪದವನ್ನು ಹೇಳಿಬಿಟ್ಟಿದೆ. ಆಗ ಬೇಕಾದ್ದು ಮಾತುಕತೆ. ಒಂದೇ ತಪ್ಪು, ಮೂರು ಬೇರೆ ಬೇರೆ ಮದ್ದು. ಇದನ್ನು ಪತ್ತೆ ಮಾಡಲು ಹಿಡಿಯುವುದು ಅರ್ಧ ನಿಮಿಷ. ತಟ್ಟೆಗಳ ಏರ್ಪಾಡೆಲ್ಲ ಇರುವುದು ಟೀಚರ್‌ಗೆ ಈ ಅರ್ಧ ನಿಮಿಷ ಉಳಿಸಿಕೊಡಲಿಕ್ಕೇ ಅಂತ ನಾನು ನಂಬಿದ್ದೇನೆ.

ಮಾತುಕತೆಯ ವಿಷಯ ಬಂದಾಗ ನಮ್ಮ ಭಾಗದ ಇನ್ನೊಂದು ಸಂಗತಿ ಹೇಳಲೇಬೇಕು. ಕಾಫಿ ತೋಟದ ಲೈನ್ ಮನೆಗಳಿಂದ ಬರುವ ಮಕ್ಕಳಲ್ಲಿ ಎಷ್ಟೋ ಜನರ ಮನೆಮಾತು ಕನ್ನಡ ಅಲ್ಲ. ತುಳು, ತಮಿಳು, ಕೊಂಕಣಿ, ಬ್ಯಾರಿ, ಉರ್ದು ಇದೆ. ಈಚೆಗೆ ಅಸ್ಸಾಮಿನ ಕಡೆಯಿಂದ ಬಂದ ಕುಟುಂಬಗಳೂ ಇವೆ. ಕಡೂರು, ತರೀಕೆರೆ ಕಡೆ ಹೋದರೆ ಲಂಬಾಣಿ. ಈ ಮಗು ಶಾಲೆಗೆ ಬಂದ ದಿನವೇ ಕನ್ನಡ ಅಕ್ಷರ ತೋರಿಸಿದರೆ ಅದು ಬರೀ ಗೆರೆ. ಮೊದಲು ಕಿವಿಗೆ ಕನ್ನಡ ಬೀಳಬೇಕು: ಹಾಡು, ಕಥೆ, ಅಂಗಳದ ಆಟ. ಒಂದೇ ಚಿತ್ರ ತೋರಿಸಿ 'ಇದಕ್ಕೆ ನಿಮ್ಮನೇಲಿ ಏನಂತಾರೆ?' ಅಂತ ಎಲ್ಲರನ್ನೂ ಕೇಳುವ ಟೀಚರ್‌ಗಳಿದ್ದಾರೆ. ನಾಲ್ಕು ಭಾಷೆಯ ಹೆಸರು ಹಲಗೆ ಮೇಲೆ ಬರುತ್ತವೆ. ತುಳು ಮಗು ತನಗೆ ಗೊತ್ತಿರುವುದನ್ನು ಉಳಿದವರಿಗೆ ಕಲಿಸುತ್ತದೆ. ಇಷ್ಟು ಸಿಕ್ಕರೆ ಬಾಯಿ ಬಿಡದ ಮಗುವೂ ಬಾಯಿ ಬಿಡುತ್ತದೆ. ಅದೇ ಊರಿನ ಎರಡು ಭಾಷೆ ಬಲ್ಲ ದೊಡ್ಡ ಮಗುವನ್ನು ಮೂರನೇ ತಟ್ಟೆಯಲ್ಲಿ ಪಕ್ಕಕ್ಕೆ ಕೂರಿಸಿದರೆ ಅನುವಾದದ ಆ್ಯಪ್ ಬೇಕಿಲ್ಲ.

ಮತ್ತೆ ಕಾಫಿ ಕೊಯ್ಲು. ನವೆಂಬರಿನಿಂದ ಅರೇಬಿಕಾ, ಆಮೇಲೆ ಮಾರ್ಚಿನವರೆಗೆ ರೋಬಸ್ಟಾ. ಈ ತಿಂಗಳುಗಳಲ್ಲಿ ಕೆಲಸ ಹುಡುಕಿಕೊಂಡು ಬರುವ ಕುಟುಂಬಗಳ ಜೊತೆ ಮಕ್ಕಳೂ ಬರುತ್ತಾರೆ, ಕೆಲಸ ಮುಗಿದರೆ ಹೋಗುತ್ತಾರೆ. ಪುಸ್ತಕ ಹಿಡಿದು ಪುಟದ ಮೇಲೆ ಪುಟ ನಡೆಸುವ ಕ್ಲಾಸಿನಲ್ಲಿ ಮೂರು ವಾರ ತಪ್ಪಿದ ಮಗು ಶಾಶ್ವತವಾಗಿ ಹಿಂದೆ. ಏಣಿ ಇರುವ ಕ್ಲಾಸಿನಲ್ಲಿ ಅದು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಮಳೆಗಾಲದ್ದು ಬೇರೆಯೇ ಕಷ್ಟ. ಕಳಸ, ಶೃಂಗೇರಿ, ಕೊಟ್ಟಿಗೆಹಾರದ ಕಡೆ ಜುಲೈ ಮಳೆ ಹೊಡೆಯುವಾಗ ಶೀಟಿನ ಮಾಡಿನ ಕೆಳಗೆ ಪಕ್ಕದವರ ಮಾತೇ ಕೇಳುವುದಿಲ್ಲ. ಮರ ಬಿದ್ದು ಲೈನ್ ಹೋಗಿರುತ್ತದೆ. ಮಧ್ಯಾಹ್ನಕ್ಕೇ ಕೋಣೆ ಕತ್ತಲು. ಇಂಥ ದಿನ ಟೀಚರ್ ಗಂಟಲು ಹರಿದುಕೊಂಡರೆ ಯಾರಿಗೂ ಪ್ರಯೋಜನ ಇಲ್ಲ. ಅನುಭವಸ್ಥರು ಮಾಡುವುದು ಇಷ್ಟು: ಕಥೆ, ಹಾಡು, ಗಟ್ಟಿ ಓದು ಏನಿದ್ದರೂ ಮಳೆ ಬಿಟ್ಟ ಹೊತ್ತಿಗೆ. ಜೋರು ಮಳೆಯ ಹೊತ್ತಿಗೆ ಕೈಕೆಲಸ ಎತ್ತಿಡುತ್ತಾರೆ. ಸ್ಲೇಟು, ಚಿತ್ರ, ಬೀಜ ಎಣಿಕೆ, ಪದ ಜೋಡಿಸುವ ಚೀಟಿ. ಓದುವ, ಬರೆಯುವ ಗುಂಪಿಗೆ ಕಿಟಕಿ ಪಕ್ಕದ ಜಾಗ, ಬೀಜ ಎಣಿಸುವವರಿಗೆ ಒಳಗಿನ ಮೂಲೆ. ಒಂದೇ ದಿನದ ಪಾಠವನ್ನು ಸದ್ದಿನ ಕೆಲಸ, ಸದ್ದಿಲ್ಲದ ಕೆಲಸ ಅಂತ ಎರಡು ಮಾಡಿಟ್ಟುಕೊಳ್ಳುವುದು ಮಲೆನಾಡಿನ ಶಿಕ್ಷಕರು ತಾವೇ ಕಲಿತ ವಿದ್ಯೆ. ಬಯಲುಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದವರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ಬೀಜ ಎಣಿಕೆ ಅಂದೆನಲ್ಲ, ಲೆಕ್ಕಕ್ಕೆ ಅಳಗುಳಿ ಮಣೆಯಷ್ಟು ಒಳ್ಳೆಯ ಸಾಧನ ನಾನು ಕಂಡಿಲ್ಲ. ಚೆನ್ನೆಮಣೆ ಅಂದರೂ ಅದೇ. ಎರಡು ಸಾಲು, ಸಾಲಿಗೆ 7 ಗುಳಿ, ಒಟ್ಟು 14. ಗುಳಿಗೆ 4 ಬೀಜ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ 14 ಸುತ್ತು ಬರೆದರೂ ಆಯಿತು. ಹುಣಸೆ ಬೀಜವೋ ಮಂಜೊಟ್ಟಿಯೋ ಯಾವುದಾದರೂ ಸರಿ. ಆಟದ ನಿಯಮ ಊರಿಗೊಂದು ಥರ, ಆದರೆ ಮೂಲ ಒಂದೇ. ಒಂದು ಗುಳಿಯ ಬೀಜವನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು.

ಮಗುವಿನ ಕೈ ನೋಡಿ. ಶುರುವಿನಲ್ಲಿ ಒಂದು ಗುಳಿಗೆ ಎರಡು ಬೀಜ ಬೀಳುತ್ತವೆ, ಒಂದು ಗುಳಿ ಬಿಟ್ಟು ಹೋಗುತ್ತದೆ. ಒಂದು, ಎರಡು, ಮೂರು ಅಂತ ಬಾಯಿ ಓಡುತ್ತದೆ, ಕೈ ಹಿಂದೆ ಉಳಿಯುತ್ತದೆ. ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿಗೂ ಒಂದು ಸಂಖ್ಯೆಗೆ ಒಂದೇ ವಸ್ತು ಅನ್ನುವುದು ಇನ್ನೂ ಕೂತಿರುವುದಿಲ್ಲ, ಅದು ಇಲ್ಲಿ ಕಾಣುತ್ತದೆ. ಆಡುತ್ತಾ ಆಡುತ್ತಾ ಬಾಯಿಗೂ ಕೈಗೂ ಹೊಂದಾಣಿಕೆ ಬರುತ್ತದೆ. ಆಮೇಲೆ ಗುಳಿಯಲ್ಲಿ 3 ಇದೆಯೋ 4 ಇದೆಯೋ ಅಂತ ಎಣಿಸದೆ ನೋಡಿಯೇ ಹೇಳುವಂತಾಗುತ್ತದೆ. ಇನ್ನೂ ಸ್ವಲ್ಪ ದಿನಕ್ಕೆ, ಬೀಜ ಹಾಕುವ ಮೊದಲೇ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಅಂತ ಕಣ್ಣಲ್ಲೇ ಅಳೆಯುತ್ತದೆ. ಅದು ಕೂಡುವ ಲೆಕ್ಕವೇ ತಾನೆ.

ಆಟ ಮುಗಿದ ಮೇಲೆ ಬೀಜಗಳನ್ನು ಒಟ್ಟು ಮಾಡಿಸಿ. 10 ಆದ ಕೂಡಲೇ ಒಂದು ಕರಟಕ್ಕೆ. 5 ಕರಟ ತುಂಬುತ್ತದೆ, 6 ಬೀಜ ಉಳಿಯುತ್ತದೆ. ಸ್ಲೇಟಿನಲ್ಲಿ 56 ಅಂತ ಬರೆಸಿ. ಈಗ ಪಕ್ಕದಲ್ಲಿ 65 ಬರೆದು ಕೇಳಿ: ಇದಕ್ಕೆ ಎಷ್ಟು ಕರಟ ಬೇಕು, ಎಷ್ಟು ಬಿಡಿ? ಎರಡೂ ಸಂಖ್ಯೆಯಲ್ಲಿ ಅದೇ 5, ಅದೇ 6. ಆದರೆ ಕರಟದ 5ಕ್ಕೂ ಬಿಡಿಯ 5ಕ್ಕೂ ಇರುವ ವ್ಯತ್ಯಾಸವನ್ನು ಮಗು ಕೈಯಲ್ಲಿ ಹಿಡಿದು ನೋಡಿದೆ. ಸ್ಥಾನಬೆಲೆ ಅನ್ನುವುದು ಇಷ್ಟೇ. ಮುಂದೆ ದಶಕ ಕಡ ತರುವ ವ್ಯವಕಲನ ಬಂದಾಗ 'ಪಕ್ಕದ ಮನೆಯಿಂದ ಸಾಲ ತಾ' ಅನ್ನುವ ಮಂತ್ರ ಬೇಡ, ಒಂದು ಕರಟ ಬಗ್ಗಿಸಿದರೆ ಸಾಕು. ಒಂದು ಎಚ್ಚರಿಕೆ: ಅಂಗನವಾಡಿ ವಯಸ್ಸಿನ ತಮ್ಮ-ತಂಗಿಯರು ಜೊತೆಗಿದ್ದರೆ ಬೀಜ ಮೂಗಿಗೆ, ಬಾಯಿಗೆ ಹೋಗುತ್ತದೆ. ಅವರಿಗೆ ದೊಡ್ಡ ಕಾಯಿ, ಕಲ್ಲು ಕೊಡಿ. ಬೀಜವನ್ನು ಎಣಿಸಿ ಕೊಟ್ಟು, ಎಣಿಸಿ ವಾಪಸ್ ಪಡೆಯಿರಿ.

ಹಾಗಂತ ಯಂತ್ರವೇ ಬೇಡ ಅಂತಲ್ಲ. ಕೋಣೆಯಲ್ಲಿ ಒಂದು ಫೋನ್ ಅಂತೂ ಇದೆ, ಟೀಚರ್ ಕೈಯಲ್ಲಿ. ಅದನ್ನು 20 ಮಕ್ಕಳಿಗೆ ತೋರಿಸುವ ಬದಲು ಟೀಚರ್ ತಮ್ಮ ಕೆಲಸಕ್ಕೆ ಬಳಸಿದರೆ ಲಾಭ ಜಾಸ್ತಿ. ಮಗು ಓದುವುದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಟ್ಟು, ತಿಂಗಳ ನಂತರ ಮತ್ತೆ ಮಾಡಿ ಹೋಲಿಸಬಹುದು. ಅಮ್ಮ ಶಾಲೆಗೆ ಬಂದಾಗ ಕೇಳಿಸಬಹುದು. ಅಂಕದ ಪಟ್ಟಿ ಓದಲು ಬಾರದ ಅಮ್ಮನಿಗೂ ತನ್ನ ಮಗಳ ದನಿ ಅರ್ಥವಾಗುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 2017ರಲ್ಲಿ ಶುರುವಾದ ದೀಕ್ಷಾ ಅನ್ನುವ ಸರ್ಕಾರಿ ಆ್ಯಪ್‌ನ ಪಾಠಗಳು ಸಿಗುತ್ತವೆ. ನೆಟ್‌ವರ್ಕ್ ಇರುವ ಕಡೆ ಡೌನ್‌ಲೋಡ್ ಮಾಡಿಕೊಂಡು ಬಂದರೆ ಶಾಲೆಯಲ್ಲಿ ನೆಟ್ ಬೇಡ. ಸಮುದ್ರ, ರೈಲು, ಸಿಂಹ ನೋಡದ ಮಗುವಿಗೆ ಎರಡು ನಿಮಿಷದ ವಿಡಿಯೋ ತೋರಿಸಿ ಆಮೇಲೆ ಅರ್ಧ ಗಂಟೆ ಅದರ ಬಗ್ಗೆ ಮಾತಾಡಿಸುವುದು ಒಳ್ಳೆಯ ಬಳಕೆ. ರೇಡಿಯೋವನ್ನೂ ಮರೆಯಬೇಡಿ. ಹಾಸನ ಆಕಾಶವಾಣಿ ನಮ್ಮ ಹತ್ತಿರವೇ ಇದೆ, 'ಕೇಳಿ ಕಲಿ'ಯಂಥ ರೇಡಿಯೋ ಪಾಠ ಕೇಳಿ ಕಲಿತ ಮಕ್ಕಳು ರಾಜ್ಯದಲ್ಲಿ ಬೇಕಾದಷ್ಟಿದ್ದಾರೆ. ಒಂದು ಪೆಟ್ಟಿಗೆಯ ಸುತ್ತ ಎಲ್ಲರೂ ಕೂತು ಕೇಳಬಹುದು, ಸರದಿಗೆ ಕಾಯುವ ಪ್ರಶ್ನೆಯೇ ಇಲ್ಲ.

ಯುನೆಸ್ಕೋ 2023ರ ತನ್ನ ಜಾಗತಿಕ ವರದಿಯನ್ನು ಪೂರ್ತಿ ಶಿಕ್ಷಣದಲ್ಲಿ ತಂತ್ರಜ್ಞಾನ ಅನ್ನುವ ವಿಷಯಕ್ಕೇ ಮೀಸಲಿಟ್ಟಿತ್ತು. ಯಂತ್ರ ಶಿಕ್ಷಕರ ಜಾಗಕ್ಕೆ ಬರಬಾರದು, ಅವರಿಗೆ ನೆರವಾಗಬೇಕು ಅಂತ ಅದು ಹೇಳಿತು. ನಮ್ಮ ಶಾಲೆಗಳಲ್ಲಿ ಇದು ಕೆಲವು ಸಲ ಉಲ್ಟಾ ಆಗಿದೆ. ಹಾಜರಾತಿ, ಹಾಲು, ಮೊಟ್ಟೆ, ಸಮವಸ್ತ್ರ ಎಲ್ಲದರ ಮಾಹಿತಿಯನ್ನೂ ಆನ್‌ಲೈನ್ ತುಂಬಲು ಒಬ್ಬರೇ ಟೀಚರ್ ನೆಟ್‌ವರ್ಕ್ ಹುಡುಕುತ್ತಾ ಹೊರಗೆ ನಿಂತರೆ, ಒಳಗೆ ಮೊದಲ ತಟ್ಟೆಯ ನಾಲ್ಕು ಮಕ್ಕಳು ಸುಮ್ನೆ ಕೂತಿರುತ್ತಾರೆ. ನಲಿ-ಕಲಿ ಸೋಲುವುದು ಹೆಚ್ಚಾಗಿ ಇಲ್ಲೇ. ಕಾರ್ಡು ಹರಿದು ಕಳೆದುಹೋಗಿ ಏಣಿಯ ನಡುವೆ ಮೆಟ್ಟಿಲೇ ಇಲ್ಲವಾದಾಗ ಕೂಡ ಸೋಲುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಕ್ಲಾಸಿನವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರಿರಬೇಕು. ಆ ಎರಡನೆಯವರು ಇರುವುದು ಎಷ್ಟು ಸ್ಮಾರ್ಟ್ ಬೋರ್ಡಿಗೂ ಮಿಗಿಲು.

ಒಂದು ಉಪಕರಣ ಮಾತ್ರ ನಾಳೆಗೆ ಅಂತ ಮುಂದೂಡಬಾರದು. ಹಲಗೆ ಕಾಣದ ಮಗುವಿಗೆ ಕನ್ನಡಕ, ಕಿವಿ ಕೇಳದ ಮಗುವಿಗೆ ಶ್ರವಣಯಂತ್ರ. 'ದಡ್ಡ' ಅನ್ನಿಸಿಕೊಂಡ ಮಗು ಬರೀ ಕಣ್ಣು ಮಂಜಾದ ಮಗು ಆಗಿರಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಶಾಲೆಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ದಿನ ನಿಮ್ಮ ಮಗು ಗೈರಾಗದಂತೆ ನೋಡಿಕೊಳ್ಳಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗುವ ಪೋಷಕರು ಟಿವಿ ಯಾವಾಗ ಬರುತ್ತದೆ ಅಂತ ಕೇಳುವ ಮೊದಲು ಕಾರ್ಡಿನ ಟ್ರೇ ತೋರಿಸಿ ಅಂತ ಕೇಳಲಿ. ಏಣಿಯ ಯಾವ ಮೆಟ್ಟಿಲಿನ ಕಾರ್ಡು ಕಡಿಮೆ ಇದೆ? ಹರಿದದ್ದನ್ನು ಬರೆದು ಲ್ಯಾಮಿನೇಟ್ ಮಾಡಿಸಲು ದೊಡ್ಡ ಖರ್ಚಿಲ್ಲ, ಮಳೆಗೆ ಮುಂಚೆ ಮಾಡಿಸಿದರೆ ತೇವಕ್ಕೆ ಹಾಳಾಗುವುದಿಲ್ಲ. ಶೀಟಿನ ಮಾಡಿಗೆ ಒಳಗಿಂದ ಒಂದು ಸೀಲಿಂಗ್ ಹಾಕಿಸಿದರೆ ಮಳೆ ಸದ್ದು ಕಡಿಮೆಯಾಗುತ್ತದೆ. ಗೋಡೆ ಹಲಗೆಗೆ ವರ್ಷಕ್ಕೊಮ್ಮೆ ಕಪ್ಪು ಬಣ್ಣ. ಊರಿನಲ್ಲಿ ಹಳೆಯ ಅಳಗುಳಿ ಮಣೆ ಯಾರ ಅಟ್ಟದ ಮೇಲಿದೆ ಅಂತ ವಿಚಾರಿಸಿ. ಆಡಲು ಬರುವ ಅಜ್ಜಿ ಇದ್ದರೆ ವಾರಕ್ಕೊಂದು ಮಧ್ಯಾಹ್ನ ಶಾಲೆಗೆ ಕರೆಯಿರಿ, ಒಂದು ತಟ್ಟೆ ಅವರ ಸುಪರ್ದಿಗೆ ಬಂದರೆ ಟೀಚರ್‌ಗೆ ಅಷ್ಟು ನಿಮಿಷ ಉಳಿಯಿತು. ಕೊಯ್ಲು ಮುಗಿಸಿ ಹೊರಡುವ ಕುಟುಂಬದ ಮಗುವಿಗೆ ಅದು ಎಷ್ಟನೇ ಮೆಟ್ಟಿಲಲ್ಲಿದೆ ಅಂತ ಒಂದು ಚೀಟಿ ಬರೆದು, ಮುಂದಿನ ಹತ್ತು ಕಾರ್ಡುಗಳ ಜೆರಾಕ್ಸ್ ಜೊತೆಗೆ ಕೊಟ್ಟು ಕಳಿಸಿ. ಕರ್ನಾಟಕದ ಇನ್ನೊಂದು ಸರ್ಕಾರಿ ಕನ್ನಡ ಶಾಲೆಗೆ ಸೇರಿದರೆ, ಆ ಚೀಟಿ ನೋಡಿ ಅಲ್ಲಿನ ಟೀಚರ್ ಮರುದಿನವೇ ಪಾಠ ಶುರು ಮಾಡಬಹುದು.